15 ಸೆಕೆಂಡಿಗೊಮ್ಮೆ ಕಣ್ಣು ಮುಚ್ಚುತ್ತಿದ್ದ ನನ್ನ ಕಂಪ್ಯೂಟರು

ಮೊನ್ನೆ ಶನಿವಾರ ರಾತ್ರಿ 11 ಗಂಟೆಗೆ ನನ್ನ ಕಂಪ್ಯೂಟರು ಪೂರ್ತಿ ಸರಿಹೋಯಿತು. ಹಿಡಿದದ್ದು ಐದು ವಾರ. ಖರ್ಚಾದದ್ದು 980 ರೂಪಾಯಿ. ನಡುವೆ ಒಂದು ದಿನ 9,000 ಕೊಟ್ಟು ಹೊಸ ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡು) ಹಾಕಿಸಿಬಿಡೋಣ ಅಂತ ಎಟಿಎಂವರೆಗೂ ಹೋಗಿ ಬಂದಿದ್ದೆ. ಕೆಟ್ಟಿದ್ದು ಮದರ್‌ಬೋರ್ಡ್ ಅಲ್ಲ, ವಿಂಡೋಸ್ ಅಲ್ಲ, ಪೆನ್‌ಡ್ರೈವೂ ಅಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ಒಂದು ಯುಎಸ್‌ಬಿ ಪೋರ್ಟ್, ಅಷ್ಟೇ. ನಿಮಗೂ ಹೀಗಾದರೆ ನನ್ನಷ್ಟು ಸುತ್ತಾಡುವುದು ಬೇಡ ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನಿರುವುದು ತುಮಕೂರಿನಲ್ಲಿ. ಅಂಗಡಿಯವರ ಲೆಕ್ಕಪತ್ರ ನೋಡುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಎರಡೂವರೆ ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು, ಮಗಳ ಜೊತೆ ಕೂತು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಇದು. ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ, ಮುಂಭಾಗಕ್ಕೆ, ಮೂರು ಯುಎಸ್‌ಬಿ ಪೋರ್ಟ್ ಇವೆ. ನೀಲಿ ಬಣ್ಣದ್ದೊಂದು 3.0, ಅಂದರೆ ವೇಗದ್ದು; ಕಪ್ಪು ಬಣ್ಣದವು ಎರಡು 2.0, ಹಳೇ ನಮೂನೆಯವು. ಮೂರೂ ಆಕಾಶ ನೋಡಿಕೊಂಡು ಬಾಯಿ ತೆರೆದು ಕೂತಿರುತ್ತವೆ. ಕೊಳ್ಳುವಾಗ ಇದು ಬಹಳ ಅನುಕೂಲ ಅಂತ ಅನಿಸಿತ್ತು.

ಶುರುವಾಗಿದ್ದು ಆಯುಧಪೂಜೆಯಾಗಿ ಒಂದು ವಾರಕ್ಕೆ, 18ನೇ ತಾರೀಖು. 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನಿಗೆ ಕಡೇ ದಿನ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಒಟಿಪಿ ನಡೆಯುವುದಿಲ್ಲ, ಡಿಜಿಟಲ್ ಸಹಿಯ ಟೋಕನ್, ನೋಡಲು ಪೆನ್‌ಡ್ರೈವಿನಂಥದ್ದು, ಚುಚ್ಚಲೇಬೇಕು. ನೀಲಿ ಪೋರ್ಟಿಗೆ ಟೋಕನ್ ಹಾಕಿದೆ. ಕೊನೆಯಲ್ಲಿ ಏನೋ ತಡೆದ ಹಾಗಾಯಿತು. ಅವಸರ ನೋಡಿ, ಇನ್ನೊಂಚೂರು ಒತ್ತಿದೆ. ಒಳಗೆ ಹೋಯಿತು.

ಟೋಕನ್ನಿನ ದೀಪ ಹತ್ತಲಿಲ್ಲ. ಪರದೆಯ ಮೂಲೆಯಲ್ಲಿ ವಿಂಡೋಸ್ ಒಂದು ಚೀಟಿ ತೋರಿಸಿತು: ಯುಎಸ್‌ಬಿ ಪೋರ್ಟಿನಲ್ಲಿ ಪವರ್ ಸರ್ಜ್. ಟೋಕನ್ ಸುಟ್ಟೇಹೋಯಿತು ಅಂದುಕೊಂಡು ಬೆವತೆ. ಹೊಸ ಸಹಿ ಮಾಡಿಸಬೇಕೆಂದರೆ ಮತ್ತೆ ಆಧಾರ್, ಪ್ಯಾನ್, ವಿಡಿಯೊ ಪರಿಶೀಲನೆ, ಎಲ್ಲ ಎರಡು ದಿನದೊಳಗೆ! ಕಡೆಗೆ ಕ್ಯಾಬಿನೆಟ್ಟನ್ನು ತಿರುಗಿಸಿ ಹಿಂದಿನ ಪೋರ್ಟಿಗೆ ಹಾಕಿದೆ. ದೀಪ ಹತ್ತಿತು. ರಿಟರ್ನ್ ಹೋಯಿತು. ನಾನು ವಿಷಯವನ್ನು ಮರೆತೇಬಿಟ್ಟೆ.

ಮರೆಯಬಾರದಿತ್ತು. ಒಂದೇ ಟೋಕನ್ ಮುಂದೆ ಸತ್ತು ಹಿಂದೆ ಬದುಕಿದರೆ ತಪ್ಪು ಟೋಕನ್ನಿನದ್ದಲ್ಲ, ಮುಂದಿನ ಪೋರ್ಟಿನದ್ದು. ಉತ್ತರ ಮೊದಲ ದಿನವೇ ಕೈಯಲ್ಲಿತ್ತು. ಮೊದಲ ಪರೀಕ್ಷೆ ಅಂತ ಮಾಡುವುದಿದ್ದರೆ ಇದೇ: ಹಿಂದಿನ ಪೋರ್ಟುಗಳು ಮದರ್‌ಬೋರ್ಡಿಗೇ ಬೆಸೆದಿರುತ್ತವೆ, ಮುಂದಿನವು ವೈರಿನ ಮೂಲಕ ಬರುತ್ತವೆ. ಹಿಂದೆ ನಡೆದು ಮುಂದೆ ನಡೆಯದಿದ್ದರೆ ಆ ವೈರು ಮತ್ತು ಪೋರ್ಟಿನ ಮೇಲೆ ಕಣ್ಣಿಡಿ.

ಮುಂದಿನ ವಾರ ಮಗಳು ಪೆನ್‌ಡ್ರೈವ್ ಹಾಕಿದಳು. ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಒಂದು ಸಲವಂತೂ ಪಕ್ಕದ ಕಪ್ಪು ಪೋರ್ಟಿನಲ್ಲಿದ್ದ ಮೌಸ್ ಕೂಡ ಜೊತೆಗೇ ನಿಂತುಹೋಯಿತು. "ಅಪ್ಪ, ವೈರಸ್ ಇರ್ಬೇಕು" ಅಂದಳು. ನಾನೂ ಹೌದೆಂದೆ. ಅಲ್ಲಿಂದ ಶುರುವಾಯಿತು ನನ್ನ ವಿಂಡೋಸ್ ಯಾತ್ರೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಯುಎಸ್‌ಬಿ ಕಂಟ್ರೋಲರುಗಳನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಎರಡನೆಯದಕ್ಕೇ ಕೀಬೋರ್ಡು, ಮೌಸು ಎರಡೂ ಸತ್ತವು, ಅವೂ ಯುಎಸ್‌ಬಿಯೇ ಅಲ್ವಾ! ಕಡೆಗೆ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿ, ಮತ್ತೆ ಆನ್ ಮಾಡಿದ ಮೇಲೆ ತಾವಾಗಿಯೇ ಬಂದವು. ಪವರ್ ಆಪ್ಷನ್ನಿನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ (ಬಳಸದ ಯುಎಸ್‌ಬಿಯನ್ನು ಮಲಗಿಸುವ ಏರ್ಪಾಡು) ತೆಗೆದೆ. ಏನೂ ಆಗಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಆಮೇಲೆ ಟ್ಯಾಲಿ, ಟೋಕನ್ನಿನ ಡ್ರೈವರ್, ಸಹಿ ಹಾಕುವ ಎಂಸೈನರ್, ಪ್ರಿಂಟರ್ ಎಲ್ಲ ಮತ್ತೆ. ಸೋಮವಾರ ಬೆಳಿಗ್ಗೆ ಪೆನ್‌ಡ್ರೈವ್ ಹಾಕಿದರೆ ಅದೇ ಚೀಟಿ.

ಬಲಿಪಾಡ್ಯಮಿಯ ಮರುದಿನ ಕಥೆ ಕೆಟ್ಟಿತು. ಆನ್ ಮಾಡಿದೆ. ವಿಂಡೋಸ್ ಬರುವ ಮೊದಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಯುಎಸ್‌ಬಿಯಲ್ಲಿ ಕರೆಂಟು ಮಿತಿ ಮೀರಿದೆ, ಮದರ್‌ಬೋರ್ಡ್ ಕಾಪಾಡಲು 15 ಸೆಕೆಂಡಿನಲ್ಲಿ ಬಂದ್ ಮಾಡುತ್ತೇವೆ. ಹೇಳಿದ ಹಾಗೆಯೇ ಬಂದ್ ಆಯಿತು. ಮತ್ತೆ ಆನ್ ಮಾಡಿದೆ. ಮತ್ತೆ 15 ಸೆಕೆಂಡು. ಎಣಿಸುತ್ತಾ ಕೂರುವುದಿದೆಯಲ್ಲ, ಐಸಿಯು ಹೊರಗೆ ಕೂತ ಹಾಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ ಬರುವ ಮೊದಲೇ ಇಂಥ ಬರಹ ಬಂದರೆ ಸಾಫ್ಟ್‌ವೇರ್ ಕಡೆ ತಲೆ ಹಾಕಲೇಬೇಡಿ. ಅದು ಮದರ್‌ಬೋರ್ಡ್ ತಾನಾಗಿ ಹೇಳುತ್ತಿರುವುದು. ಮತ್ತೆ, ಹೆದರಬೇಡಿ. ಸತ್ತ ಬೋರ್ಡ್ ಇಷ್ಟು ನೀಟಾಗಿ ಮಾತಾಡುವುದಿಲ್ಲ.

ನಾನು ಹೆದರಿದೆ. ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ದೀಪಾವಳಿ ರಜ. ಎರಡು ದಿನ ಬಿಟ್ಟು ಮತ್ತೆ ಹೋಗಿ ಕೊಟ್ಟು ಬಂದೆ. ಅವರು ಇಟ್ಟುಕೊಂಡಿದ್ದು ನಾಲ್ಕು ದಿನ. ಅಲ್ಲಿಯವರೆಗೆ ಮಗಳ ಲ್ಯಾಪ್‌ಟಾಪೇ ಗತಿ, ಅದೂ ಅವಳು ಕಾಲೇಜಿನಿಂದ ಬಂದ ಮೇಲೆ. ನಾಲ್ಕನೇ ದಿನ ಫೋನ್ ಬಂತು. "ಬೋರ್ಡ್ ಹೋಗಿದೆ ಸರ್. ಹೊಸದು 9,000 ಆಗುತ್ತೆ. ಹಾಕ್ಬಿಡ್ಲಾ?" ಎಟಿಎಂಗೆ ಹೋಗಿದ್ದು ಆಗಲೇ. ಸಾಲಿನಲ್ಲಿ ನಿಂತಾಗ ನೆನಪಾಯಿತು, ಬೋರ್ಡಿಗೆ ಮೂರು ವರ್ಷ ವಾರಂಟಿ ಇದೆ, ಇನ್ನೂ ಆರು ತಿಂಗಳು ಬಾಕಿ. ದುಡ್ಡು ತೆಗೆಯದೆ ಹಿಂದೆ ಬಂದೆ. ನೋಡಿದ್ದಕ್ಕೆ 300 ಕೊಟ್ಟು ಕ್ಯಾಬಿನೆಟ್ ವಾಪಸ್ ತಂದೆ.

ವಾರಂಟಿ ಅಂದರೆ ಬಿಲ್ ಬೇಕು. ಬಿಲ್ಲನ್ನು ಜೋಪಾನವಾಗಿ ಫೈಲಿನಲ್ಲಿಟ್ಟಿದ್ದೆ. ತೆಗೆದು ನೋಡಿದರೆ ಬರೀ ಬಿಳಿ ಹಾಳೆ. ಎಟಿಎಂ ಚೀಟಿಯಂಥ ಥರ್ಮಲ್ ಕಾಗದ, ಅಕ್ಷರ ಪೂರ್ತಿ ಮಾಸಿಹೋಗಿತ್ತು. ಕಿಟಕಿಗೆ ಹಿಡಿದು ಓರೆಮಾಡಿ ನೋಡಿದರೆ ತಾರೀಖಿನ ಜಾಗದಲ್ಲಿ ಒಂದು ಸೊನ್ನೆ ಕಂಡಂತಾಗುತ್ತಿತ್ತು. ಊರವರ ಬಿಲ್ಲೆಲ್ಲ ಸ್ಕ್ಯಾನ್ ಮಾಡಿಡುವವನು ನಾನು, ನನ್ನದನ್ನೇ ಇಟ್ಟಿರಲಿಲ್ಲ. ನೀವು ಕೊಂಡ ದಿನವೇ ಫೋಟೊ ತೆಗೆದಿಡಿ. ಪುಣ್ಯಕ್ಕೆ ಬೋರ್ಡಿನ ಡಬ್ಬ ಅಟ್ಟದ ಮೇಲೆ ಸಿಕ್ಕಿತು, ಸೀರಿಯಲ್ ನಂಬರಿನ ಚೀಟಿ ಅದರ ಮೇಲಿತ್ತು. ಕೊಂಡ ಅಂಗಡಿಗೆ ಫೋನ್ ಮಾಡಿ, ಮೊಬೈಲ್ ನಂಬರ್ ಹೇಳಿ ಕಾಡಿದೆ. ಮೂರು ದಿನಕ್ಕೆ ಹಳೇ ಬಿಲ್ಲಿನ ಪ್ರತಿ ವಾಟ್ಸ್ಆ್ಯಪ್‌ನಲ್ಲಿ ಬಂತು. ಸರ್ವಿಸ್ ಸೆಂಟರಿನವರು ಬೋರ್ಡನ್ನು ಕಳಿಸಿಕೊಡಿ, ಎರಡು ಮೂರು ವಾರ ಆಗಬಹುದು ಅಂದರು. 20ನೇ ತಾರೀಖು ಮತ್ತೆ ಹತ್ತಿರ ಬರುತ್ತಿತ್ತು.

ಆ ರಾತ್ರಿ ಬೆಂಗಳೂರಿನಿಂದ ತಂಗಿಯ ಮಗ ಬೇರೇನೋ ವಿಷಯಕ್ಕೆ ಫೋನ್ ಮಾಡಿದ. ಅವನು ಎಲೆಕ್ಟ್ರಾನಿಕ್ಸ್ ಓದಿದವನು. ನನ್ನ ಗೋಳನ್ನೆಲ್ಲ ಹೇಳಿಕೊಂಡೆ.

"ಬೋರ್ಡ್ ಕಳಿಸಿಬಿಟ್ರಾ ಮಾಮ?"

"ಇಲ್ಲ ಕಣೋ, ನಾಳೆ ಕೊರಿಯರ್ ಮಾಡೋಣ ಅಂತ."

"ಮಾಡ್ಬೇಡಿ. ಮೊದ್ಲು ಮುಂದಿನ ಯುಎಸ್‌ಬಿ ವೈರನ್ನ ಬೋರ್ಡಿಂದ ಕಿತ್ತು ಆನ್ ಮಾಡಿ ನೋಡಿ. ಕಪ್ಪುದು, ನೀಲಿದು ಎರಡೂ ಕೀಳಿ. ಹಿಂದೆಯೂ ಏನೂ ಇರ್ಬಾರ್ದು, ಕೀಬೋರ್ಡ್ ಒಂದು ಬಿಟ್ಟು."

ಗೋಡೆಯ ಪ್ಲಗ್ ತೆಗೆದೆ. ಇದನ್ನು ಮರೆಯಬೇಡಿ. ಕಂಪ್ಯೂಟರ್ ಬಂದ್ ಮಾಡಿದರೂ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬ) ಒಳಗೆ 5 ವೋಲ್ಟು ಸ್ಟ್ಯಾಂಡ್‌ಬೈ ಇದ್ದೇ ಇರುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಯುಎಸ್‌ಬಿಗೂ ಬರುತ್ತಿರುತ್ತದೆ. ಪ್ಲಗ್ ತೆಗೆದ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದಿದ್ದೂ ಖಾಲಿ. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು ಕೈ ಹಾಕಿ.

ಯುಎಸ್‌ಬಿ 2.0 ವೈರು ಸಣ್ಣದು, ಬೋರ್ಡಿನ ಮೇಲೆ ಹೆಡರ್ ಅನ್ನುವ ಒಂಬತ್ತು ಪಿನ್ನಿನ ಗುಂಪಿಗೆ ಕೂತಿರುತ್ತದೆ. ಮೆಲ್ಲಗೆ ಎಳೆದರೆ ಬರುತ್ತದೆ. 3.0 ವೈರಿನದ್ದೇ ತಕರಾರು. ಹೆಬ್ಬೆರಳು ದಪ್ಪದ ಪ್ಲಗ್, ಬಗ್ಗದ ಕೇಬಲ್, ಹತ್ತೊಂಬತ್ತು ಸಪೂರ ಪಿನ್ನು. ಜೋರಾಗಿ ಎಳೆದರೆ ಪಿನ್ನುಗಳ ಸುತ್ತ ಇರುವ ಪ್ಲಾಸ್ಟಿಕ್ ಗೋಡೆಯೇ ಕಿತ್ತು ಬರುತ್ತದೆಯಂತೆ. ಎರಡೂ ಕಡೆ ಹಿಡಿದು, ಹಾಲು ಹಲ್ಲು ಅಲ್ಲಾಡಿಸಿದ ಹಾಗೆ ಆಚೆ ಈಚೆ ಅಲ್ಲಾಡಿಸಿ ತೆಗೆದೆ.

ಆನ್ ಮಾಡಿದೆ. ಎಣಿಸತೊಡಗಿದೆ. ಹತ್ತು, ಹನ್ನೆರಡು, ಹದಿನೈದು, ಹದಿನಾರು. ವಿಂಡೋಸ್ ಬಂತು! ಮನೆಯವಳನ್ನು ಕೂಗಿದೆ. ಬಂದು ನೋಡಿ "ಇಷ್ಟೇನಾ? ಇದಕ್ಕೆ ಮೂರು ವಾರ ಬೇಕಾಯ್ತಾ?" ಅಂದು ಒಳಗೆ ಹೋದಳು.

ಆಮೇಲಿನದ್ದು ಪತ್ತೇದಾರಿ. ಬಂದ್ ಮಾಡಿ, ಪ್ಲಗ್ ತೆಗೆದು, ಕಪ್ಪು ಪೋರ್ಟಿನ ವೈರು ಮಾತ್ರ ಹಾಕಿದೆ. ಸರಿ ಇತ್ತು. ನೀಲಿಯದ್ದು ಹಾಕಿದೆ. ಕಪ್ಪು ಪರದೆ, 15 ಸೆಕೆಂಡು. ಕಳ್ಳ ಸಿಕ್ಕಿದ. ಅದನ್ನು ಕಿತ್ತಿಟ್ಟುಕೊಂಡೇ ಆ ತಿಂಗಳ ರಿಟರ್ನೆಲ್ಲ ಹಿಂದಿನ ಪೋರ್ಟಿನಿಂದ ಹಾಕಿ ಮುಗಿಸಿದೆ. ನಿಮಗೆ ಹಿಂದಿನ ಪೋರ್ಟುಗಳೇ ಸಾಕು ಅನಿಸಿದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು, ರಿಪೇರಿ ಮುಗಿಯಿತು. ನನಗೆ ಮಾತ್ರ ಬಗ್ಗಿ ಬಗ್ಗಿ ಮೇಜಿನ ಹಿಂದೆ ತಡಕಾಡಿ ಸೊಂಟ ಹಿಡಿದಿತ್ತು.

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇಸ್ಕೊಂಡು ಬಂದೆ. ಅದರ ಎರಡು ಕಡ್ಡಿಯ ನಡುವೆ ಸಂಪರ್ಕ ಇದ್ದರೆ ಬೀಪ್ ಅನ್ನುತ್ತದೆ. ಕಿತ್ತಿದ್ದ ನೀಲಿ ಪ್ಲಗ್ಗಿನ ಒಂದನೇ ತೂತು 5 ವೋಲ್ಟಿನದು. ಅದಕ್ಕೆ ಗುಂಡುಪಿನ್ ಚುಚ್ಚಿ ಒಂದು ಕಡ್ಡಿ ಮುಟ್ಟಿಸಿದೆ, ಇನ್ನೊಂದನ್ನು ಪೋರ್ಟಿನ ಹೊರಗಿನ ತಗಡಿಗೆ. ಬೀಪ್ ಅಂತು. ಅನ್ನಬಾರದು. ತಗಡು ಅರ್ಥಿಂಗ್ ಇದ್ದ ಹಾಗೆ, 5 ವೋಲ್ಟಿನ ತಂತಿಗೆ ಅದು ಎಲ್ಲೂ ತಾಗಬಾರದು. ಎಲ್ಲೋ ಒಳಗೆ ತಾಗಿತ್ತು, ಅಂದರೆ ಶಾರ್ಟ್. ಯುಎಸ್‌ಬಿ 3.0 ಪೋರ್ಟ್ ಒಂದಕ್ಕೆ ಕೊಡುವ ಕರೆಂಟೇ 900 ಮಿಲಿಆ್ಯಂಪ್. ಶಾರ್ಟ್ ಆದರೆ ಅದು ಎಲ್ಲಿಗೋ ಏರುತ್ತದೆ, ಬೋರ್ಡು ಬೆದರಿ ಬಂದ್ ಮಾಡುತ್ತದೆ. ಮೊದಮೊದಲು ಒಮ್ಮೆ ಬರುವುದು, ಒಮ್ಮೆ ಹೋಗುವುದು ಆಗುತ್ತಿದ್ದದ್ದು ಯಾಕೆಂದು ತಂಗಿ ಮಗನೇ ಹೇಳಿದ. ಯುಎಸ್‌ಬಿ ದಾರಿಯಲ್ಲಿ ಸಾಮಾನ್ಯವಾಗಿ ಪಾಲಿಫ್ಯೂಸ್ ಅಂತ ಇರುತ್ತದೆ. ಬಿಸಿಯಾದರೆ ಕರೆಂಟು ತಡೆಯುತ್ತದೆ, ತಣಿದರೆ ಮತ್ತೆ ಬಿಡುತ್ತದೆ. ಸುಟ್ಟುಹೋಗುವ ಫ್ಯೂಸ್ ಅಲ್ಲ, ಹಾಗಾಗಿ ಬೋರ್ಡ್ ಉಳಿಯಿತು.

ಮೊಬೈಲ್ ಟಾರ್ಚ್ ಹಾಕಿ, ಕ್ಯಾಮೆರಾ ಜೂಮ್ ಮಾಡಿ ಪೋರ್ಟಿನ ಒಳಗೆ ನೋಡಿದೆ. ನೀಲಿ ಪ್ಲಾಸ್ಟಿಕ್ಕಿನ ನಾಲಿಗೆ ಒಂದು ಬದಿಗೆ ವಾಲಿತ್ತು. ಅದರ ಬುಡದ ಹತ್ತಿರ ಚಿನ್ನದ ಬಣ್ಣದ ನಾಲ್ಕು ಪಟ್ಟಿ. ಮೂರು ಮಲಗಿದ್ದವು, ತುದಿಯದೊಂದು ಎದ್ದು ನಿಂತು ತಗಡಿಗೆ ಒರಗಿಕೊಂಡಿತ್ತು. ಅದರ ಅಡಿಯಲ್ಲಿ ಹಳದಿಯದೇನೋ ಸಿಕ್ಕಿಕೊಂಡಿತ್ತು. ತುಕ್ಕು ಇರಬೇಕು ಅಂದುಕೊಂಡೆ. ಚಿಮಟದಲ್ಲಿ ಹಿಡಿದು ಎಳೆದರೆ ಅಂಗೈ ಮೇಲೆ ಬಿದ್ದದ್ದು ಅರ್ಧ ನುಚ್ಚಾದ ಒಂದು ಅಕ್ಕಿಕಾಳು. ಅರಿಶಿನ ಹಚ್ಚಿದ್ದು.

ಅಕ್ಷತೆ! ಆಯುಧಪೂಜೆ ದಿನ ಅಮ್ಮ ಕಂಪ್ಯೂಟರಿಗೆ ಕುಂಕುಮ ಇಟ್ಟು, ಚೆಂಡುಹೂವು ಇಟ್ಟು, ಮೇಲಿಂದ ಅಕ್ಷತೆ ಹಾಕಿದ್ದರು. ಒಂದು ಕಾಳು ನೇರ ಆಕಾಶ ನೋಡುತ್ತಿದ್ದ ಪೋರ್ಟಿನ ಹೊಟ್ಟೆಗೆ ಬಿದ್ದಿದೆ. ವಾರ ಬಿಟ್ಟು ನಾನು ಟೋಕನ್ ಒತ್ತಿ ಅದನ್ನು ಕುಟ್ಟಿದ್ದೇನೆ. "ಏನೋ ತಡೆದ ಹಾಗಾಯಿತು" ಅಂದೆನಲ್ಲ, ಅದೇ. ಅಮ್ಮನಿಗೆ ತೋರಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ದೇವರ ಅಕ್ಷತೆ ಕಸಕ್ಕೆ ಹಾಕ್ಬೇಡ, ಕೊಡಿಲ್ಲಿ" ಅಂತ ಇಸ್ಕೊಂಡು ತುಳಸಿ ಗಿಡದ ಬುಡಕ್ಕೆ ಹಾಕಿದರು.

ಹಲ್ಲುಕಡ್ಡಿಯಿಂದ ಪಟ್ಟಿಯನ್ನು ಒತ್ತಿ ಮಲಗಿಸಿದೆ. ಬೀಪ್ ನಿಂತಿತು. ವೈರು ಹಾಕಿದೆ, ಕಂಪ್ಯೂಟರ್ ಬಂತು. ಪೆನ್‌ಡ್ರೈವ್ ಹಾಕಿ ತೆಗೆದೆ, ಪಟ್ಟಿ ಮತ್ತೆ ಎದ್ದಿತು, ಮತ್ತೆ ಕಪ್ಪು ಪರದೆ. ಒಮ್ಮೆ ಬಗ್ಗಿದ ಸ್ಪ್ರಿಂಗು ನಂಬಿಕೆಗೆ ಯೋಗ್ಯವಲ್ಲ. ಇಂಥ ಪೋರ್ಟನ್ನು ಹೀಗೆ ಜೋಡಿಸಿಕೊಂಡು ಬಳಸುವ ಸಾಹಸ ಬೇಡ, ಬದಲಿಸಬೇಕು.

ಕ್ಯಾಬಿನೆಟ್ ಕಂಪನಿಗೆ ಮೇಲ್ ಹಾಕಿದೆ, ಮುಂದಿನ ಪ್ಯಾನೆಲ್ ಬಿಡಿಯಾಗಿ ಕೊಡ್ತೀರಾ ಅಂತ. ಆರು ದಿನ ಬಿಟ್ಟು ಒಂದು ಸಾಲಿನ ಉತ್ತರ: ಬಿಡಿಯಾಗಿ ಮಾರುವುದಿಲ್ಲ. ಕ್ಯಾಬಿನೆಟ್ಟಿನ ವಾರಂಟಿ ಒಂದೇ ವರ್ಷ, ಮುಗಿದಿತ್ತು. ಮುಗಿಯದಿದ್ದರೂ ಅಕ್ಕಿಕಾಳಿಗೆ ಯಾವ ವಾರಂಟಿ?

ಹಾಗಾಗಿ ಶನಿವಾರ ಬೆಳಿಗ್ಗೆ ರೈಲು ಹತ್ತಿದೆ. ಇಡೀ ಕ್ಯಾಬಿನೆಟ್ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ಮೇಲಿನ ಮುಖವಾಡವನ್ನು ಬಿಚ್ಚಿದರೆ ಒಳಗೆ ಪೋರ್ಟುಗಳು ಬೆಸೆದ ಬೆಂಕಿಪೊಟ್ಟಣದಷ್ಟು ಚಿಕ್ಕ ಬೋರ್ಡ್ ಇರುತ್ತದೆ, ಎರಡು ಸ್ಕ್ರೂ. ವೈರಿನ ಸಮೇತ ಚೀಲಕ್ಕೆ ಹಾಕಿಕೊಂಡೆ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೊದಲ್ಲಿ ಒಂದೇ ಸ್ಟಾಪು, ಚಿಕ್ಕಪೇಟೆ. ಅಲ್ಲಿಂದ ನಡೆದರೆ ಎಸ್.ಪಿ. ರೋಡು. ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ.

ಆರು ಅಂಗಡಿಯಲ್ಲಿ ಒಂದೇ ಮಾತು: "ಕ್ಯಾಬಿನೆಟ್ ಹೊಸ್ದೇ ತಗೊಳ್ಳಿ ಸರ್." ಏಳನೆಯವನು ಫ್ಲಾಪಿ ಡ್ರೈವಿನ ಜಾಗಕ್ಕೆ ಕೂರಿಸುವ ಯುಎಸ್‌ಬಿ ಪ್ಯಾನೆಲ್ ತೋರಿಸಿದ. ಒಳ್ಳೆಯದೇ, ಆದರೆ ಈಗಿನ ಕ್ಯಾಬಿನೆಟ್‌ಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಕೊನೆಗೆ ಒಬ್ಬರು ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು ತೋರಿಸಿದರು. ಒಬ್ಬ ಹುಡುಗ, ಒಂದು ಬೆಸುಗೆ ಕಡ್ಡಿ, ಬಿಸಿಗಾಳಿಯ ಗನ್ನು, ತಲೆಗೆ ಕಟ್ಟಿದ ಭೂತಗನ್ನಡಿ. ನನ್ನ ಬೋರ್ಡನ್ನು ತಿರುಗಿಸಿ ನೋಡಿ, "ಇದು ಸಿಗುತ್ತೆ, ಕೂತ್ಕೊಳಿ ಅಂಕಲ್" ಅಂದ.

ಕೂರಲು ಜಾಗವಿರಲಿಲ್ಲ. ನಿಂತೇ ನೋಡಿದೆ. ಗಾಳಿ ಬಿಟ್ಟು ಹಳೇ ಪೋರ್ಟನ್ನು ಕಾಯಿಸಿದ, ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟ. ತೂತುಗಳಲ್ಲಿ ಉಳಿದ ಸೀಸವನ್ನು ತಾಮ್ರದ ಹೆಣೆದ ಪಟ್ಟಿಯಿಂದ ಹೀರಿಸಿ ತೆಗೆದ. ಡಬ್ಬಿಯಿಂದ ಹೊಸ ನೀಲಿ ಪೋರ್ಟ್ ಆರಿಸಿದ. ಒಂಬತ್ತು ಕಾಲು, ನಾಲ್ಕು ಹಳೇ ಯುಎಸ್‌ಬಿಯವು, ಐದು 3.0ಕ್ಕೆ ಸೇರಿದವು. ಒಂದೊಂದಕ್ಕೂ ಬೆಸುಗೆ ಮುಟ್ಟಿಸಿ ಉಸಿರು ಬಿಟ್ಟ. ಒಟ್ಟು ಇಪ್ಪತ್ತು ನಿಮಿಷ. ಪೋರ್ಟ್ ಸೇರಿ 250 ರೂಪಾಯಿ. ಕೊಡುವ ಮೊದಲು ಮೀಟರ್ ಹಿಡಿದು ಶಾರ್ಟ್ ಇಲ್ಲ ಅಂತ ನನಗೂ ತೋರಿಸಿದ. ಪಕ್ಕದ ಅಂಗಡಿಯಲ್ಲಿ ಯುಎಸ್‌ಬಿಗೆ ಹಾಕುವ ರಬ್ಬರ್ ಮುಚ್ಚಳ ಹತ್ತು ರೂಪಾಯಿಗೊಂದರಂತೆ ನಾಲ್ಕು ಕೊಂಡೆ.

ರಾತ್ರಿ ಮನೆಗೆ ಬಂದು ಜೋಡಿಸಿದೆ. ಕಂಪ್ಯೂಟರ್ ಬಂತು, ಬ್ಯಾಕಪ್ ಹಾರ್ಡ್‌ಡಿಸ್ಕ್ ಬಂತು. ಆದರೆ ಕಾಪಿ ಆಗುತ್ತಿದ್ದದ್ದು ಸೆಕೆಂಡಿಗೆ 35 ಎಂಬಿ. ಅದು 2.0 ಪೋರ್ಟಿನ ವೇಗ. ಇದೇ ಡಿಸ್ಕ್ ಹಿಂದಿನ ನೀಲಿ ಪೋರ್ಟಿನಲ್ಲಿ 110 ಕೊಡುತ್ತದೆ. ಹುಡುಗನ ಬೆಸುಗೆ ಸರಿ ಇಲ್ಲ ಅಂತ ಸಿಟ್ಟು ಬಂತು. ಬೈಯುವ ಮೊದಲು ಮದರ್‌ಬೋರ್ಡಿನ ಹೆಡರಿಗೆ ಟಾರ್ಚ್ ಹಿಡಿದೆ. ಹತ್ತೊಂಬತ್ತರಲ್ಲಿ ಒಂದು ಪಿನ್ ಮಕಾಡೆ ಮಲಗಿತ್ತು. ಬಗ್ಗಿಸಿದ್ದು ನಾನೇ, ಅಷ್ಟು ಸಲ ಕಿತ್ತು ಹಾಕುವಾಗ. 3.0ದ ಐದು ತಂತಿಯಲ್ಲಿ ಡೇಟಾ ಒಯ್ಯುವುದೊಂದು ಕೈಕೊಟ್ಟರೂ ಸಾಕು, ಸುಮ್ನೆ 2.0 ವೇಗಕ್ಕೆ ಇಳಿದುಬಿಡುತ್ತದೆ, ಒಂದು ಮಾತೂ ಹೇಳುವುದಿಲ್ಲ.

ಮಗಳ ಜಾಮಿಟ್ರಿ ಬಾಕ್ಸಿನಿಂದ ಕಡ್ಡಿ ಹಾಕುವ ಪೆನ್ಸಿಲ್ ತಂದು, ಕಡ್ಡಿ ತೆಗೆದು, ಖಾಲಿ ಮೂತಿಯನ್ನು ಮಲಗಿದ ಪಿನ್ನಿಗೆ ತೂರಿಸಿ ನಿಧಾನ ಎತ್ತಿದೆ. ಪಿನ್ ಅದರೊಳಗೆ ಸರಿಯಾಗಿ ಕೂರುತ್ತದೆ, ಚಿಮಟದ ಹಾಗೆ ಜಾರುವುದಿಲ್ಲ. ಒಂದೇ ಸಲಕ್ಕೆ ಎತ್ತಿಬಿಡಬೇಕು; ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ. ಉಸಿರು ಬಿಗಿಹಿಡಿದು ವೈರು ಹಾಕಿದೆ. 112 ಎಂಬಿ. ಆಗ ಗಂಟೆ 11.

ಒಂದು ಸಣ್ಣ ಕಿರಿಕಿರಿ ಉಳಿದಿತ್ತು. ಡಿಸ್ಕ್ ಕಾಪಿ ಆಗುವಾಗ ವೈರ್‌ಲೆಸ್ ಮೌಸ್ ತಡವರಿಸುತ್ತಿತ್ತು. ಇದು ಕೆಟ್ಟಿದ್ದಲ್ಲ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ವೈರ್‌ಲೆಸ್ ಮೌಸ್ ಮಾತಾಡುವುದೂ ಅಲ್ಲೇ. ಅದರ ಡಾಂಗಲ್ (ಸಿಗ್ನಲ್ ಹಿಡಿಯುವ ಚಿಕ್ಕ ತುಂಡು) ಪಕ್ಕದ ಪೋರ್ಟಿನಲ್ಲಿತ್ತು, ಹಿಂದಿನ ಕಪ್ಪು ಪೋರ್ಟಿಗೆ ಹಾಕಿದೆ, ಸರಿಯಾಯಿತು.

ಲೆಕ್ಕದವನಲ್ವಾ, ಲೆಕ್ಕ ಕೊಟ್ಟುಬಿಡುತ್ತೇನೆ: ಆಟೊ 160, ಅಂಗಡಿಯಲ್ಲಿ ನೋಡಿದ್ದಕ್ಕೆ 300, ರೈಲು ಮೆಟ್ರೊ ಕಾಫಿ ಸೇರಿ 230, ಬೆಸುಗೆ 250, ಮುಚ್ಚಳ 40. ಒಂದು ಭಾನುವಾರ ವಿಂಡೋಸಿಗೆ ಹೋಯಿತು, ಅದನ್ನು ಯಾವ ಖಾತೆಗೆ ಬರೆಯುವುದೋ ಗೊತ್ತಿಲ್ಲ.

ಈಗ ಮೂರೂ ಪೋರ್ಟಿಗೆ ಮುಚ್ಚಳ ಇದೆ, ಒಂದು ಸ್ಪೇರ್ ಡ್ರಾಯರಿನಲ್ಲಿದೆ. ಬೆಳಿಗ್ಗೆ ಎದ್ದು ನೋಡಿದರೆ ನೀಲಿ ಪೋರ್ಟಿನ ಮುಚ್ಚಳದ ಮೇಲೆ ಅಮ್ಮ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು.